ಬಟ್ಟೆ ಬಿಚ್ಚಿಟ್ಟು ಓದಿದರೆ ಅರಿಸ್ಟೋಫೇನಿಸ್ ಸಿಗಲ್ಲ

ಗ್ರೀಕ್ ನಾಟಕ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಬಿಳಿ ಬಟ್ಟೆ ಹೊದ್ದು, ಕೈ ಮೇಲೆತ್ತಿ, ವಿಧಿಯನ್ನು ಶಪಿಸುತ್ತಾ ನಿಂತ ಯಾರೋ ಒಬ್ಬ ರಾಜ. ಅದು ಸಹಜವೇ. ಕನ್ನಡಕ್ಕೆ ಗ್ರೀಸ್ ಬಂದಿದ್ದೇ ರುದ್ರನಾಟಕದ ಬಾಗಿಲಿನಿಂದ. ಬಿ.ಎಂ.ಶ್ರೀ ಅವರು ಸೊಫೋಕ್ಲಿಸನ ಏಜಾಕ್ಸನನ್ನು 'ಅಶ್ವತ್ಥಾಮನ್' ಮಾಡಿದರು, ಈಸ್ಕಿಲಸನ 'ಪಾರಸಿಕರು' ತಂದುಕೊಟ್ಟರು. ಲಂಕೇಶ್ ಈಡಿಪಸ್ಸನನ್ನೂ ಅಂತಿಗೊನೆಯನ್ನೂ ಕರೆತಂದರು. ಗ್ರೀಕರ ಹಾಸ್ಯದ ಮಾತು ಬಂದರೆ ಮಾತ್ರ ನಮ್ಮ ಚರ್ಚೆ ನೇರವಾಗಿ ಹೋಗಿ ಬೀಳೋದು ಆಕ್ಸಿರಿಂಕಸ್ ಪಪೈರಸ್‌ನ ಆ ಪ್ರಹಸನಕ್ಕೆ, ಅದರಲ್ಲಿರೋದು ಕನ್ನಡವೋ ಅಲ್ಲವೋ ಅನ್ನೋ ಹಳೇ ಜಗಳಕ್ಕೆ. ಆ ಜಗಳಕ್ಕೆ ನಾನಿವತ್ತು ಕೈ ಹಾಕಲ್ಲ. ಅದು ರೋಮನ್ನರ ಆಳ್ವಿಕೆಯ ಈಜಿಪ್ಟಿನ ಕಥೆ. ನನಗೆ ಬೇಕಾಗಿರೋದು ಅದಕ್ಕಿಂತ ಐನೂರು ವರ್ಷಕ್ಕೂ ಹಿಂದಿನ ಅಥೆನ್ಸ್.

ಕ್ರಿ.ಪೂ. 5ನೇ ಶತಮಾನದ ಹಾಸ್ಯನಾಟಕಕಾರರಲ್ಲಿ ಇಡೀ ನಾಟಕಗಳು ಉಳಿದಿರೋದು ಒಬ್ಬನದು ಮಾತ್ರ, ಅರಿಸ್ಟೋಫೇನಿಸನದು. ಒಟ್ಟು 11. ಇಂಗ್ಲಿಷ್ ಅನುವಾದದಲ್ಲಿ ಓದಿದವರ ದೂರು ಸಾಮಾನ್ಯವಾಗಿ ಒಂದೇ: ಅರ್ಧ ಪೋಲಿ ಜೋಕು, ಇನ್ನರ್ಧ ಅಡಿಟಿಪ್ಪಣಿ, ಇದರಲ್ಲಿ ಅಂಥದ್ದೇನಿದೆ ಅಂತ. ನನ್ನ ವಾದ ಸರಳ ಕಣ್ರೀ. ನಾವು ಓದುತ್ತಿರೋದೇ ಅರ್ಧ ನಾಟಕ. ಮಿಕ್ಕರ್ಧ ನಟರ ಮೈಮೇಲಿತ್ತು. ಬಾಯಲ್ಲಿ ಹೇಳಿಸಲಾಗದ್ದನ್ನು ಆತ ಬಟ್ಟೆಯಲ್ಲಿ ಹೇಳಿಸುತ್ತಿದ್ದ.

ಆ ಮೈಮೇಲೆ ಏನೇನಿತ್ತು ಅಂತ ಮೊದಲು ನೋಡಿ. ನಟರೆಲ್ಲ ಗಂಡಸರು, ಹೆಣ್ಣು ಪಾತ್ರಕ್ಕೂ ಅವರೇ. ಒಳಗೆ ಮೈಗಂಟಿದ ಒಂದು ಉಡುಪು, ಮಣಿಕಟ್ಟಿನಿಂದ ಪಾದದವರೆಗೆ, ಚರ್ಮದ ಹಾಗೆ ಕಾಣೋದು. ಅದರೊಳಗೆ ಹೊಟ್ಟೆಗೂ ಕುಂಡೆಗೂ ಗಡದ್ದಾಗಿ ತುರುಕಿದ ಮೆತ್ತೆ. ಮುಂದೊಂದು ಗುಡಾಣ, ಹಿಂದೊಂದು ಗುಡಾಣ. ಗಂಡು ಪಾತ್ರವಾದರೆ ಎದುರಿಗೆ ಜೋತಾಡುವ ಚರ್ಮದ ಶಿಶ್ನ. ಅದು ಕಾಣಲಿ ಅಂತಲೇ ಮೇಲಿನ ಅಂಗಿ ಗಿಡ್ಡ. ತಲೆಗೆ ಕೂದಲು ಸಮೇತ ಪೂರ್ತಿ ತಲೆಯನ್ನೇ ಮುಚ್ಚುವ ಮುಖವಾಡ, ಅಗಲ ಬಾಯಿ, ಚಪ್ಪಟೆ ಮೂಗು. ಆ ಕಾಲದ ಮುಖವಾಡ ಒಂದೂ ಉಳಿದಿಲ್ಲ, ಬಟ್ಟೆಯೂ ಉಳಿದಿಲ್ಲ. ಮಡಕೆಗಳ ಮೇಲಿನ ಚಿತ್ರ, ಸುಟ್ಟ ಮಣ್ಣಿನ ಗೊಂಬೆಗಳು, ನಾಟಕದ ಸಾಲುಗಳಲ್ಲೇ ಅಡಗಿರುವ ಸುಳಿವುಗಳು, ಇವುಗಳಿಂದ ನಾವು ಜೋಡಿಸಿಕೊಳ್ಳಬೇಕು.

ಈ ಶಿಶ್ನದ ಬಗ್ಗೆ ಪಂಡಿತರಲ್ಲಿ ದೊಡ್ಡ ಜಗಳವೇ ನಡೆದಿತ್ತು. ಕಾರಣ ಸ್ವತಃ ಅರಿಸ್ಟೋಫೇನಿಸ್. 'ಮೋಡಗಳು' ನಾಟಕದ ನಡುವೆ ಮೇಳದ ಬಾಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಾನೆ: ನನ್ನ ನಾಟಕ ಮರ್ಯಾದಸ್ಥೆ, ಹುಡುಗರನ್ನು ನಗಿಸೋಕೆ ತುದಿ ಕೆಂಪಾದ ದಪ್ಪ ಚರ್ಮ ಜೋತುಬಿಟ್ಟುಕೊಂಡು ಬಂದವಳಲ್ಲ ಅನ್ನೋ ಅರ್ಥದಲ್ಲಿ. ನೋಡಿದಿರಾ, ನಮ್ಮ ಕವಿ ಸಭ್ಯ ಎಂದು ಹಿಂದಿನ ಕೆಲವು ವಿದ್ವಾಂಸರು ಹಿಗ್ಗಿದರು. ಆದರೆ ಅದೇ ಜಾಗದಲ್ಲಿ ಆತ ನನ್ನ ನಾಟಕದಲ್ಲಿ ಪಂಜು ಹಿಡಿದು ನುಗ್ಗೋದಿಲ್ಲ, ಅಯ್ಯಯ್ಯೋ ಅಂತ ಕಿರುಚೋದಿಲ್ಲ ಅಂತಲೂ ಹೇಳುತ್ತಾನೆ. ನಾಟಕ ಶುರುವಾಗೋದೇ ಒಬ್ಬ ಮುದುಕನ ಅಯ್ಯಯ್ಯೋದಿಂದ, ಮುಗಿಯೋದು ಪಂಜು ಹಿಡಿದು ಮನೆ ಸುಡುವುದರಿಂದ! ಇಂಥವನ ಸರ್ಟಿಫಿಕೇಟನ್ನು ಎಷ್ಟು ನಂಬಬೇಕೋ ನೀವೇ ಲೆಕ್ಕ ಹಾಕಿ :-)

ನನಗೆ ಮುಖ್ಯವಾಗಿ ಕಾಣೋದು ಇದು. ಈ ವಿಕಾರದ ಮೈ ಒಬ್ಬಿಬ್ಬರಿಗೆ ಸೀಮಿತವಾಗಿರಲಿಲ್ಲ. ಕೋಡಂಗಿಗೆ ಒಂದು ವೇಷ, ದೊರೆಗೆ ಇನ್ನೊಂದು ಅನ್ನೋ ಲೆಕ್ಕವೇ ಅಲ್ಲಿಲ್ಲ. ದಕ್ಷಿಣ ಇಟಲಿಯಲ್ಲಿ ಮಾಡಿದ, ಕ್ರಿ.ಪೂ. 4ನೇ ಶತಮಾನದ ಒಂದು ದ್ರಾಕ್ಷಾರಸದ ಪಾತ್ರೆಯಿದೆ, ವಿದ್ವಾಂಸರು ಅದನ್ನು 'ಖೊರೇಗೊಸ್ ಪಾತ್ರೆ' ಅಂತ ಕರೆಯುತ್ತಾರೆ. ಖೊರೇಗೊಸ್ ಅಂದರೆ ನಾಟಕದ ಮೇಳದ ಖರ್ಚನ್ನೆಲ್ಲ, ಬಟ್ಟೆಬರೆಯನ್ನೂ ಸೇರಿಸಿ, ಹೊರುತ್ತಿದ್ದ ಸಿರಿವಂತ. ಆ ಚಿತ್ರದಲ್ಲಿ ಎಡಗಡೆ ಬಾಗಿಲಿನಿಂದ ರುದ್ರನಾಟಕದ ಏಗಿಸ್ಥಸ್ ಬರುತ್ತಾನೆ. ಮೈತುಂಬ ಕಸೂತಿ ಬಟ್ಟೆ, ಸುಂದರ ಮುಖ. ಎದುರಿಗೆ ಹಾಸ್ಯನಾಟಕದ ಮೂವರು. ಇಬ್ಬರ ತಲೆ ಮೇಲೆ ಖೊರೇಗೊಸ್ ಅಂತ ಹೆಸರು ಬರೆದಿದೆ, ಇನ್ನೊಬ್ಬನ ಹೆಸರು ಪಿರ್ರಿಯಾಸ್, ಅದು ಗುಲಾಮರಿಗೆ ಇಡುತ್ತಿದ್ದ ಹೆಸರು. ಹಣವಂತನಿಗೂ ಗುಲಾಮನಿಗೂ ಅದೇ ಗುಡಾಣ ಹೊಟ್ಟೆ, ಅದೇ ಜೋತಾಡುವ ಚರ್ಮ. ವ್ಯತ್ಯಾಸ ಇರೋದು ಮೇಲೆ ಹೊದ್ದಿರುವುದರಲ್ಲಿ ಮಾತ್ರ.

ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಊರಿನಲ್ಲಿ ವರ್ಷಾ ವರ್ಷ ಸಾವಿರಾರು ಜನರ ಮುಂದೆ ಇದನ್ನು ತೋರಿಸುತ್ತಿದ್ದರು. ದೇವರು ಬಂದರೂ ಅದೇ ಮೈ, ಸೇನಾಪತಿ ಬಂದರೂ ಅದೇ ಮೈ. ಇದನ್ನು ತಲೆಯಲ್ಲಿಟ್ಟುಕೊಂಡು 'ಕಪ್ಪೆಗಳು' ಓದಿ. ಕ್ರಿ.ಪೂ. 405ರ ನಾಟಕ. ನಾಟಕದ ದೇವರು ಡಯೊನೈಸಸ್ ಪಾತಾಳಕ್ಕೆ ಹೊರಟಿದ್ದಾನೆ, ಸತ್ತುಹೋದ ಯೂರಿಪಿಡೀಸನನ್ನು ವಾಪಸು ಕರೆತರಲು. ಧೈರ್ಯಕ್ಕಾಗಿ ಹೆರಾಕ್ಲಿಸನ ವೇಷ ಹಾಕಿದ್ದಾನೆ, ಕೈಯಲ್ಲಿ ದೊಣ್ಣೆ, ಮೈಮೇಲೆ ಸಿಂಹದ ಚರ್ಮ. ಆದರೆ ಅದರ ಕೆಳಗೆ ಅವನ ಮಾಮೂಲಿ ಕೇಸರಿ ಬಣ್ಣದ ಉಡುಪು, ಸಾಮಾನ್ಯವಾಗಿ ಹೆಂಗಸರು ಉಡುವಂಥದ್ದು. ನಿಜವಾದ ಹೆರಾಕ್ಲಿಸ್ ಬಾಗಿಲು ತೆಗೆದು ಇವನನ್ನು ನೋಡಿ ನಗು ತಡೆಯಲಾರದೆ ಒದ್ದಾಡುತ್ತಾನೆ. ಓದುವಾಗ ಇದು ಎರಡು ಸಾಲು. ನೋಡಿದ್ದರೆ ಎಷ್ಟು ಹೊತ್ತು ನಗುತ್ತಿದ್ದೆವೋ.

ಆಮೇಲೆ ಶುರುವಾಗೋದು ನಿಜವಾದ ಆಟ. ಪಾತಾಳದ ಬಾಗಿಲಲ್ಲಿ ಹೆರಾಕ್ಲಿಸನ ಮೇಲೆ ಹಳೇ ಸಿಟ್ಟಿರುವ ಕಾವಲುಗಾರ ಸಿಗುತ್ತಾನೆ, ಹಿಂದೆ ನಾಯಿ ಕದ್ದುಕೊಂಡು ಹೋಗಿದ್ದನಲ್ಲ. ದೇವರಿಗೆ ಹೆದರಿಕೆಯಲ್ಲಿ ಹೇಲೇ ಬಂದುಬಿಡುತ್ತದೆ. ತಕ್ಷಣ ಸಿಂಹದ ಚರ್ಮ ತೆಗೆದು ಗುಲಾಮ ಕ್ಸಾಂಥಿಯಾಸನ ಮೈಗೆ ಹಾಕಿ, ಅವನ ಮೂಟೆ ತಾನು ಹೊರುತ್ತಾನೆ. ಅಷ್ಟರಲ್ಲಿ ರಾಣಿಯ ದಾಸಿ ಬಂದು, ಬಾ ಹೆರಾಕ್ಲಿಸ್, ಊಟ ತಯಾರಿದೆ, ಕುಣಿಯುವ ಹುಡುಗಿಯರಿದ್ದಾರೆ ಅನ್ನುತ್ತಾಳೆ. ದೇವರು ಚರ್ಮ ವಾಪಸು ಕಿತ್ತುಕೊಳ್ಳುತ್ತಾನೆ. ಮರುಕ್ಷಣ ಛತ್ರದ ಹೆಂಗಸರು ಹಳೇ ಬಾಕಿ ಕೇಳಿಕೊಂಡು ಬರುತ್ತಾರೆ. ಮತ್ತೆ ಚರ್ಮ ಗುಲಾಮನಿಗೆ. ಕೊನೆಗೆ ಇಬ್ಬರೂ ನಾನೇ ದೇವರು ಅನ್ನುವ ಹಂತಕ್ಕೆ ಬರುತ್ತದೆ. ಯಾರಿಗೆ ನೋವಾಗುತ್ತದೋ ಅವನು ದೇವರಲ್ಲ ಅಂತ ಇಬ್ಬರಿಗೂ ಒಂದೊಂದೇ ಏಟು ಕೊಡುತ್ತಾರೆ. ಇಬ್ಬರೂ ಕೂಗುತ್ತಾರೆ, ಇಬ್ಬರೂ ಏನೋ ಸುಳ್ಳು ಹೇಳಿ ಮುಚ್ಚಿಡುತ್ತಾರೆ. ಹೊಡೆಯುವವನಿಗೆ ಕೊನೆಗೂ ಗೊತ್ತಾಗೋದಿಲ್ಲ. ಒಳಗೆ ನಡೀರಿ, ನಮ್ಮ ದೊರೆ ಗುರುತು ಹಿಡೀತಾನೆ ಅಂತ ಕರೆದುಕೊಂಡು ಹೋಗುತ್ತಾನೆ.

ಇದನ್ನು ಬರೀ ತಮಾಷೆ ಅಂತ ನೋಡಿದವರಿಗೆ ನಾನು ನೆನಪಿಸಬೇಕಾದ್ದು ಎರಡಿದೆ. ಒಂದು, ಅಥೆನ್ಸ್ ಕಾನೂನಿನಲ್ಲಿ ಗುಲಾಮನ ಸಾಕ್ಷಿಗೆ ಬೆಲೆ ಬರುತ್ತಿದ್ದುದು ಹೊಡೆದು ಬಡಿದು ಪಡೆದಾಗ. ಏಟು ಗುಲಾಮನ ಮೈಗೆ, ಮಾತು ನಾಗರಿಕನ ಬಾಯಿಗೆ. ಇನ್ನೊಂದು, ಹಿಂದಿನ ವರ್ಷವಷ್ಟೇ, ಕ್ರಿ.ಪೂ. 406ರಲ್ಲಿ, ಅರ್ಗಿನೂಸೆ ಸಮುದ್ರಯುದ್ಧಕ್ಕೆ ಹುಟ್ಟುಹಾಕುವವರು ಸಾಲದೆ ಗುಲಾಮರನ್ನು ಹಡಗಿಗೆ ಹತ್ತಿಸಿದ್ದರು, ಹುಟ್ಟುಹಾಕಿದವರಿಗೆ ಬಿಡುಗಡೆ ಕೊಟ್ಟಿದ್ದರು. ನಾಟಕದ ಶುರುವಿನಲ್ಲೇ ಕ್ಸಾಂಥಿಯಾಸ್ ಅಯ್ಯೋ ನಾನೂ ಆ ಯುದ್ಧಕ್ಕೆ ಹೋಗಿದ್ದರೆ ಅಂತ ಹಲುಬುತ್ತಾನೆ. ನೋಡುತ್ತಾ ಕೂತವರಲ್ಲಿ ತಮ್ಮ ನಿನ್ನೆಯ ಗುಲಾಮ ಇವತ್ತು ಸ್ವತಂತ್ರನಾಗಿದ್ದನ್ನು ಕಂಡವರಿದ್ದರು. ಅವರೆದುರು ಒಂದು ಚರ್ಮ ಅದಲುಬದಲಾದರೆ ದೇವರು ಯಾರು, ಆಳು ಯಾರು ಅಂತ ಚಾಟಿಗೂ ಗೊತ್ತಾಗದು ಅಂತ ಆಡಿ ತೋರಿಸಿದ. ಇದೇ ಮಾತನ್ನು ಸಭೆಯಲ್ಲಿ ಎದ್ದು ನಿಂತು ಭಾಷಣವಾಗಿ ಹೇಳಿದ್ದರೆ ಏನಾಗುತ್ತಿತ್ತು? ನಾಟಕಕ್ಕೋ ಮೊದಲ ಬಹುಮಾನ ಕೊಟ್ಟರು.

ವೇಷ ಅನ್ನೋದು ಗುರಾಣಿಯೂ ಹೌದು ಅಂತ ಅರಿಸ್ಟೋಫೇನಿಸನಿಗೆ ಚಿಕ್ಕ ವಯಸ್ಸಿನಲ್ಲೇ ಗೊತ್ತಿತ್ತು. ಕ್ರಿ.ಪೂ. 426ರ ನಾಟಕವೊಂದಕ್ಕಾಗಿ ಆಗಿನ ಪ್ರಬಲ ನಾಯಕ ಕ್ಲಿಯಾನ್ ಇವನನ್ನು ಮಂತ್ರಾಲೋಚನಾ ಸಭೆಯ ಮುಂದೆ ಎಳೆದಿದ್ದ. ಮರುವರ್ಷದ 'ಅಖಾರ್ನಿಯರು' ನಾಟಕದಲ್ಲಿ ಸ್ಪಾರ್ಟಾ ಜೊತೆ ತನ್ನಷ್ಟಕ್ಕೆ ಖಾಸಗಿ ಶಾಂತಿ ಮಾಡಿಕೊಂಡ ರೈತ ಡಿಕಾಯೊಪೊಲಿಸ್ ಇದ್ದಾನೆ. ಜನ ಕಲ್ಲು ಹಿಡಿದು ನಿಂತಿದ್ದಾರೆ, ಯುದ್ಧ ಶುರುವಾಗಿ ಆರನೇ ವರ್ಷ. ಇವನು ಮಾತಾಡಬೇಕು. ಹಾಗೇ ಮಾತಾಡಿದರೆ ತಲೆ ಹೋಗುತ್ತದೆ. ಸೀದಾ ಯೂರಿಪಿಡೀಸನ ಮನೆಗೆ ಹೋಗಿ, ನಿನ್ನ ರುದ್ರನಾಟಕದ ಭಿಕ್ಷುಕ ರಾಜ ಟೆಲಿಫಸನ ಹರಕು ಬಟ್ಟೆ ಕೊಡು ಅಂತ ಬೇಡುತ್ತಾನೆ. ಬಟ್ಟೆ ಆಯ್ತು, ಟೋಪಿ ಕೊಡು. ಟೋಪಿ ಆಯ್ತು, ಕೋಲು ಕೊಡು, ಬುಟ್ಟಿ ಕೊಡು. ಮಾರಾಯ, ನನ್ನ ಇಡೀ ನಾಟಕವನ್ನೇ ಹೊತ್ಕೊಂಡು ಹೋಗ್ತಿದೀಯಲ್ಲೋ ಅಂತ ಯೂರಿಪಿಡೀಸ್ ಗೋಳಾಡುತ್ತಾನೆ. ಈ ನಡುವೆ ಡಿಕಾಯೊಪೊಲಿಸ್ ಒಂದು ಗುಟ್ಟು ಬಿಟ್ಟುಕೊಡುತ್ತಾನೆ. ನಾನು ಯಾರು ಅಂತ ನೋಡುವವರಿಗೆ ಗೊತ್ತಿರಬೇಕು, ಮೇಳದವರು ಮಾತ್ರ ಪೆದ್ದರ ಹಾಗೆ ನಿಂತಿರಬೇಕು ಅಂತ. ಆಮೇಲೆ ಆ ಹರಕು ಬಟ್ಟೆಯಲ್ಲಿ ನಿಂತು, ಯುದ್ಧ ಶುರುವಾಗಿದ್ದಕ್ಕೆ ಸ್ಪಾರ್ಟಾದವರದಷ್ಟೇ ತಪ್ಪಲ್ಲ ಅಂತ ಅಥೆನ್ಸಿನವರ ಮುಖಕ್ಕೇ ಹೇಳುತ್ತಾನೆ.

ಯುದ್ಧದ ನಡುವೆ ಯಾವ ದೇಶದಲ್ಲಿ ಈ ಮಾತು ಹೇಳಲು ಬಿಡುತ್ತಾರೆ ಹೇಳಿ? ಅದೇ ನಾಟಕದಲ್ಲಿ ಲಾಮಾಖಸ್ ಅನ್ನೋ ಸೈನ್ಯಾಧಿಕಾರಿ ಬರುತ್ತಾನೆ. ನಿಜವಾಗಿ ಇದ್ದವನೇ, ಮುಂದೆ ಕ್ರಿ.ಪೂ. 414ರಲ್ಲಿ ಸಿಸಿಲಿಯ ಯುದ್ಧದಲ್ಲಿ ಸತ್ತ. ರಂಗದ ಮೇಲೆ ಅವನ ಶಿರಸ್ತ್ರಾಣಕ್ಕೆ ಭರ್ಜರಿ ಗರಿ. ನಮ್ಮ ರೈತ ಅದರಿಂದ ಒಂದು ಗರಿ ಕೇಳುತ್ತಾನೆ. ಯಾಕೆ? ಗಂಟಲಿಗೆ ಹಾಕಿಕೊಂಡು ವಾಂತಿ ಮಾಡೋಕೆ! ಯುದ್ಧದ ಬಗ್ಗೆ ನಾನು ಓದಿದ ಟೀಕೆಗಳಲ್ಲಿ ಇದರಷ್ಟು ಚಿಕ್ಕದು, ಇದರಷ್ಟು ಚೊಕ್ಕದು ಇನ್ನೊಂದಿಲ್ಲ.

ಗಂಡು ಹೆಣ್ಣಿನ ವಿಷಯಕ್ಕೆ ಬಂದರೆ ಇನ್ನೂ ಮಜ. ಕ್ರಿ.ಪೂ. 411ರ ಒಂದು ನಾಟಕದಲ್ಲಿ, ಹೆಂಗಸರು ಮಾತ್ರ ಸೇರುವ ಥೆಸ್ಮೊಫೋರಿಯಾ ಹಬ್ಬಕ್ಕೆ ಯೂರಿಪಿಡೀಸ್ ತನ್ನ ವಯಸ್ಸಾದ ನೆಂಟನನ್ನು ಹೆಣ್ಣುವೇಷದಲ್ಲಿ ಕಳಿಸುತ್ತಾನೆ. ರಂಗದ ಮೇಲೆಯೇ ಗಡ್ಡ ಬೋಳಿಸಿ, ಕೆಳಗಿನ ಕೂದಲನ್ನು ಬೆಂಕಿಯಲ್ಲಿ ಸುಟ್ಟು, ಎದೆಕಟ್ಟು, ಕೇಸರಿ ಉಡುಪು ಒಂದೊಂದಾಗಿ ತೊಡಿಸುತ್ತಾರೆ. ಸಿಕ್ಕಿಬಿದ್ದಾಗ ಆ ಚರ್ಮದ ಶಿಶ್ನವನ್ನು ಕಾಲಸಂದಿಯಲ್ಲಿ ಹಿಂದಕ್ಕೂ ಮುಂದಕ್ಕೂ ತಳ್ಳಿ ಅಡಗಿಸಲು ನೋಡುತ್ತಾನೆ. ಕೊರಿಂಥ್ ಭೂಸಂಧಿಯ ಮೇಲೆ ಹಡಗು ಎಳೆದಾಡಿದ ಹಾಗಾಯ್ತಲ್ಲೋ ಅಂತ ಪರೀಕ್ಷೆ ಮಾಡುವವನು ಹಾಸ್ಯ ಮಾಡುತ್ತಾನೆ. ಕೊನೆಗೆ ನೆಂಟ ಒಬ್ಬಾಕೆಯ ಕೂಸು ಕಿತ್ತುಕೊಂಡು ಕೊಲ್ಲುತ್ತೇನೆ ಅಂತ ಹೆದರಿಸುತ್ತಾನೆ. ಬಟ್ಟೆ ಬಿಚ್ಚಿ ನೋಡಿದರೆ ಕೂಸಲ್ಲ, ಪುಟ್ಟ ಪಾದರಕ್ಷೆ ತೊಡಿಸಿದ ದ್ರಾಕ್ಷಾರಸದ ಚರ್ಮದ ಚೀಲ! ಈ ದೃಶ್ಯ ಹಾಗೆ ಹಾಗೇ ಇರುವ ಒಂದು ಪಾತ್ರೆ ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿದೆ. ಮಾಡಿದ್ದು ದಕ್ಷಿಣ ಇಟಲಿಯಲ್ಲಿ, ಸುಮಾರು ಕ್ರಿ.ಪೂ. 370ರಲ್ಲಿ. ಇಂಥ ಚಿತ್ರಗಳೆಲ್ಲ ಇಟಲಿಯ ಸ್ಥಳೀಯ ಪ್ರಹಸನದ್ದು ಅಂತ ಬಹುಕಾಲ ನಂಬಿದ್ದರು. 1980ರ ದಶಕದಲ್ಲಿ ಎರಿಕ್ ಸಾಪೊ, ಆಲಿವರ್ ಟ್ಯಾಪ್ಲಿನ್ ಇಬ್ಬರೂ ಬೇರೆ ಬೇರೆಯಾಗಿ ಇದು ಅರಿಸ್ಟೋಫೇನಿಸನ ದೃಶ್ಯವೇ ಅಂತ ತೋರಿಸಿಕೊಟ್ಟರು. ಅವರಿಗೆ ಸುಳಿವು ಕೊಟ್ಟದ್ದು ಆ ಚೀಲದ ಪಾದರಕ್ಷೆ ಅನ್ನೋದು ನನಗೆ ಬಹಳ ಇಷ್ಟದ ಸಂಗತಿ.

ಹಾಗಾದರೆ ಅರಿಸ್ಟೋಫೇನಿಸ್ ಸ್ತ್ರೀವಾದಿಯಾ? 'ಲೈಸಿಸ್ಟ್ರಾಟ' ಓದಿದವರು ಇದನ್ನು ಕೇಳದೆ ಬಿಡಲ್ಲ. ನನಗೇನೋ ಹಾಗನ್ನಿಸಲ್ಲ. ಸುಮಾರು ಕ್ರಿ.ಪೂ. 391ರ ಇನ್ನೊಂದು ನಾಟಕದಲ್ಲಿ ಹೆಂಗಸರು ಗಂಡಂದಿರ ಮೇಲುಹೊದಿಕೆ, ಚಪ್ಪಲಿ, ಕೋಲು ಕದ್ದು, ಗಡ್ಡ ಕಟ್ಟಿಕೊಂಡು ಸಭೆಗೆ ಹೋಗಿ ರಾಜ್ಯಾಧಿಕಾರವೇ ಹೆಂಗಸರಿಗೆ ಅಂತ ಮತ ಹಾಕಿಸಿಕೊಂಡು ಬರುತ್ತಾರೆ. ಸಭೆಯಲ್ಲಿದ್ದ ಒಬ್ಬ ಹೇಳುತ್ತಾನೆ, ಎಲ್ಲಾ ಬಿಳಿಚಿಕೊಂಡವರು, ನೋಡಿದರೆ ಮೋಚಿಗಳ ಹಾಗಿದ್ದರು ಅಂತ, ನೆರಳಲ್ಲೇ ಕೂತು ಕೆಲಸ ಮಾಡುವವರಲ್ವಾ. ಮನೆಯಲ್ಲಿ ಗಂಡ ಬ್ಲೆಪಿರಸನಿಗೆ ಬೆಳಗಿನ ಜಾವ ಅವಸರ, ಹೊದೆಯಲು ಏನೂ ಇಲ್ಲದೆ ಹೆಂಡತಿಯ ಕೇಸರಿ ಉಡುಪು ಸುತ್ತಿಕೊಂಡು ಬೀದಿ ಬದಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಆ ಹೊತ್ತಿಗೇ ಅಲ್ಲಿ ರಾಜ್ಯ ಕೈತಪ್ಪಿದೆ. ಇದನ್ನು ಆಡಿದವರೂ ಗಂಡಸರೇ ಅನ್ನೋದು ಮರೀಬೇಡಿ: ಗಂಡಸು, ಹೆಂಗಸಾಗಿ, ಆ ಹೆಂಗಸು ಗಂಡಸಾಗಿ. ಕವಿಗೆ ಹೆಂಗಸರ ಮೇಲೆ ಗೌರವವಿತ್ತೋ ಇಲ್ಲವೋ, ಗಂಡಸುತನ ಅನ್ನೋದು ಒಂದು ಹೊದಿಕೆ, ಒಂದು ಜೊತೆ ಚಪ್ಪಲಿ ಅಂತ ಅವನ ವೇಷಗಳು ಹೇಳುತ್ತವೆ. ಕೆಲವು ಸಲ ಬಟ್ಟೆ ಬರೆದವನಿಗಿಂತ ಮುಂದೆ ಹೋಗಿರುತ್ತದೆ.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಇದೇ ವೇಷವನ್ನು ಕ್ರಿ.ಪೂ. 423ರಲ್ಲಿ ಸಾಕ್ರಟೀಸನ ಹೆಸರಿನ ಪಾತ್ರಕ್ಕೆ ಹಾಕಿ ಬುಟ್ಟಿಯಲ್ಲಿ ನೇತುಹಾಕಿದರು. ಸಾಕ್ರಟೀಸನ ಚಪ್ಪಟೆ ಮೂಗು, ಉಬ್ಬುಕಣ್ಣುಗಳ ಬಗ್ಗೆ ಅವನನ್ನು ಪ್ರೀತಿಸಿದ ಪ್ಲೇಟೋ, ಝೆನೊಫೊನ್ ಅವರೇ ಬರೆದಿದ್ದಾರೆ, ಪಾಪ, ಹುಟ್ಟಾ ಮುಖವಾಡ. ಆ ನಾಟಕದಲ್ಲಿ ಇವನ ಶಾಲೆಗೆ ಸೇರಿದ ಮುದುಕ ಮೈಮೇಲಿನ ಹೊದಿಕೆಯನ್ನೂ ಕಾಲಿನ ಚಪ್ಪಲಿಯನ್ನೂ ಕಳೆದುಕೊಂಡು ಹೊರಬರುತ್ತಾನೆ. ತತ್ತ್ವಜ್ಞಾನ ನಿಮ್ಮನ್ನು ಸುಲಿಯುತ್ತದೆ ಅಂತ ಒಂದು ಮಾತೂ ಇಲ್ಲದೆ ತೋರಿಸಿದ್ದು. ನಾಟಕ ಸೋತಿತು, ಚಿತ್ರ ಉಳಿಯಿತು. 24 ವರ್ಷದ ನಂತರ, ಕ್ರಿ.ಪೂ. 399ರಲ್ಲಿ, ಪ್ಲೇಟೋ ಬರೆದಂತೆ, ವಿಚಾರಣೆಯಲ್ಲಿ ಪ್ರಾಣಕ್ಕಾಗಿ ವಾದಿಸುತ್ತಿದ್ದ ಸಾಕ್ರಟೀಸ್ ಆ ಹಾಸ್ಯನಾಟಕದಲ್ಲಿ ತೂಗಾಡುತ್ತಿದ್ದ ಸಾಕ್ರಟೀಸನ ಬಗ್ಗೆ ಹೇಳಬೇಕಾಗಿ ಬಂತು. ಬಹಳ ತಡವಾಗಿ ಏಲಿಯನ್ ಅನ್ನೋ ಬರಹಗಾರ ಹೇಳುವ ಒಂದು ಕಥೆಯಿದೆ. ನಾಟಕ ನಡೆಯುವಾಗ ಪರಊರಿನವರು ಯಾರಪ್ಪಾ ಈ ಸಾಕ್ರಟೀಸ್ ಅಂತ ಗುಸುಗುಸು ಮಾಡುತ್ತಿದ್ದರಂತೆ, ನಿಜವಾದ ಸಾಕ್ರಟೀಸ್ ಸುಮ್ಮನೆ ಎದ್ದು, ನಾಟಕ ಮುಗಿಯುವವರೆಗೆ ನಿಂತೇ ಇದ್ದನಂತೆ. ನಡೆದಿತ್ತೋ ಇಲ್ಲವೋ. ಎಲ್ಲರ ಮೈಯನ್ನೂ ಒಂದೇ ಮಾಡುವ ವೇಷ ಅಧಿಕಾರ ಇದ್ದವನಿಗೆ ತಾಗುವ ರೀತಿಯೇ ಬೇರೆ, ಬರಿಗಾಲಲ್ಲಿ ಓಡಾಡುವವನಿಗೆ ತಾಗುವ ರೀತಿಯೇ ಬೇರೆ. ಕ್ಲಿಯಾನನನ್ನು ಬೈದರೂ ಅವನು ಮತ್ತೆ ಸೇನಾಪತಿಯಾಗಿ ಆಯ್ಕೆಯಾದ.

ಆದರೂ ನನಗೆ ಮೆನಾಂಡರ್‌ಗಿಂತ ಅರಿಸ್ಟೋಫೇನಿಸನೇ ಬೇಕು. ಮೆನಾಂಡರನ 'ಡಿಸ್ಕೊಲಸ್' ಆಡಿದ್ದು ಕ್ರಿ.ಪೂ. 316ರಲ್ಲಿ, ಮೆಸಿಡೋನಿಯಾದವರು ಅಥೆನ್ಸಿನ ಹಳೇ ಪ್ರಜಾಪ್ರಭುತ್ವವನ್ನು ಮುರಿದ ಮೇಲೆ. ಅಷ್ಟು ಹೊತ್ತಿಗೆ ಚರ್ಮದ ಶಿಶ್ನ ಮಾಯ, ಅಂಗಿ ಕಾಲಿನವರೆಗೆ ಇಳಿದಿದೆ, ಒಳ್ಳೆ ಮನೆತನದ ಹುಡುಗ ಹುಡುಗಿಯರಿಗೆ ಹೆಚ್ಚು ಕಡಿಮೆ ನಿಜವಾದ ಮುಖ. ಸಭ್ಯತೆ ಬಂತು ಅಂತ ಅನೇಕರು ಮೆಚ್ಚುತ್ತಾರೆ. ನನಗೆ ಕಾಣೋದು ಬೇರೆ. ಗುಲಾಮನ ಮುಖವಾಡ ಮಾತ್ರ ಹಾಗೇ ಉಳಿಯಿತು, ಕಹಳೆಯ ಹಾಗೆ ತೆರೆದ ಬಾಯಿ, ವಕ್ರ ಹುಬ್ಬು. ಕ್ರಿ.ಶ. 2ನೇ ಶತಮಾನದ ಪೊಲಕ್ಸ್ ಹೊಸ ಹಾಸ್ಯನಾಟಕದ 44 ಮುಖವಾಡಗಳ ಪಟ್ಟಿ ಕೊಟ್ಟಿದ್ದಾನೆ. ಮುದುಕರಿಗೆ ಇಷ್ಟು, ಗುಲಾಮರಿಗೆ ಇಷ್ಟು, ಹೆಂಗಸರಿಗೆ ಇಷ್ಟು. ಪಾತ್ರ ಕಾಲಿಟ್ಟ ಕೂಡಲೇ ಯಜಮಾನ ಯಾರು, ಆಳು ಯಾರು ಅಂತ ಮುಖವೇ ಹೇಳುತ್ತದೆ. ಇಂಥ ರಂಗದ ಮೇಲೆ ಡಯೊನೈಸಸ್ಸೂ ಕ್ಸಾಂಥಿಯಾಸನೂ ಸಿಂಹದ ಚರ್ಮ ಬದಲಾಯಿಸಿಕೊಂಡರೆ ಯಾರಿಗೆ ಗೊಂದಲವಾದೀತು?

ಅದಕ್ಕೇ ನನಗೆ ಸಿಟ್ಟು ಬರೋದು ಅರಿಸ್ಟೋಫೇನಿಸನನ್ನು ತೊಳೆದು ಇಸ್ತ್ರಿ ಮಾಡಿ ಕೊಡುವವರ ಮೇಲೆ. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಅನುವಾದಕರು ಮುಜುಗರದ ಸಾಲುಗಳನ್ನು ನುಂಗಿದರು. ಅದೇ ಕಾಲದಲ್ಲಿ, 1896ರಲ್ಲಿ, ಆಬ್ರಿ ಬಿಯರ್ಡ್ಸ್‌ಲಿ 'ಲೈಸಿಸ್ಟ್ರಾಟ'ಕ್ಕೆ ಬರೆದ ಚಿತ್ರಗಳು ಖಾಸಗಿಯಾಗಿ ಮಾತ್ರ ಅಚ್ಚಾದವು, ಸಾಯುವ ಮೊದಲು ಅವನೇ ಅವುಗಳನ್ನು ನಾಶ ಮಾಡಿ ಅಂತ ಕೇಳಿಕೊಂಡ. ನಮ್ಮ ಕಾಲದ ಕೆಲವು ಪ್ರಯೋಗಗಳು ಬೈಗುಳವನ್ನೆಲ್ಲ ಉಳಿಸಿಕೊಂಡು, ನಟರಿಗೆ ಮಾತ್ರ ಚೆಂದದ ಬಿಳಿ ಸೀರೆಯಂಥದ್ದು ಸುತ್ತಿ ನಿಲ್ಲಿಸುತ್ತವೆ. ಆಗ ಪೋಲಿ ಮಾತು ಪೋಲಿ ಮಾತಾಗಿಯೇ ಕೇಳಿಸುತ್ತದೆ, ಸುಂದರವಾದ ಬಾಯಿಂದ ಬಂದ ಗಲೀಜು. ಆ ಮಾತುಗಳನ್ನು ಬರೆದದ್ದು ಗುಡಾಣ ಹೊಟ್ಟೆಯ, ಅಗಲ ಬಾಯಿಯ ಒಂದು ಮೈಗಾಗಿ. ಕನ್ನಡದಲ್ಲಿ ಯಾರಾದರೂ 'ಕಪ್ಪೆಗಳು' ಆಡುವುದಾದರೆ ಮೊದಲು ದರ್ಜಿಯನ್ನು ಹುಡುಕಿ, ಆಮೇಲೆ ಅನುವಾದಕನನ್ನು.

ಅಲ್ಲಿಯವರೆಗೆ ಈ ಮೈ ಹೇಗಿತ್ತು ಅಂತ ನೋಡಬೇಕಿದ್ದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ವೆಬ್‌ಸೈಟಿಗೆ ಹೋಗಿ. ಸುಟ್ಟ ಮಣ್ಣಿನ 14 ನಟರ ಗೊಂಬೆಗಳಿವೆ, ಕ್ರಿ.ಪೂ. 5ನೇ ಶತಮಾನದ ಕೊನೆ, 4ನೆಯದರ ಶುರುವಿನವು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು. ಒಬ್ಬ ಹೆರಾಕ್ಲಿಸ್ ಇದ್ದಾನೆ, ಕೂಸು ಎತ್ತಿಕೊಂಡ ದಾದಿ ಇದ್ದಾಳೆ, ಹೊಟ್ಟೆ ಬಿಟ್ಟುಕೊಂಡು ಕೂತವರಿದ್ದಾರೆ. ಅಷ್ಟೂ ಅಥೆನ್ಸಿನ ಒಂದೇ ಸಮಾಧಿಯಲ್ಲಿ ಸಿಕ್ಕಿದ್ದು. ಯಾರೋ ಸತ್ತಾಗ ಮನೆಯವರು ಪಕ್ಕದಲ್ಲಿಟ್ಟು ಹೂತಿದ್ದಾರೆ.